ಚಿತ್ರದೊಳಗೆ ನಿಂತ ಚಿತ್ರಕಾರ

ನಾಟಕ ಮುಗಿಸಿ ಹೊರಬರುವಾಗ 'ಒಂದೊಂದು ದೃಶ್ಯವೂ ಪೇಂಟಿಂಗ್ ಥರ ಇತ್ತು' ಎಂಬ ಮೆಚ್ಚುಗೆ ಆಗಾಗ ಕಿವಿಗೆ ಬೀಳುತ್ತದೆ. ಬೆಳಕು ಹದವಾಗಿತ್ತು, ಬಣ್ಣ ಹೊಂದಿತ್ತು ಎಂದಷ್ಟೇ ಅದರರ್ಥ. ಸಂಶೋಧನೆಗೆಂದು ತಾದೇಉಷ್ ಕಾಂತೋರನ ನಾಟಕಗಳ ದೃಶ್ಯ ದಾಖಲೆಗಳನ್ನು ನೋಡತೊಡಗಿದ ಮೇಲೆ ಈ ಮೆಚ್ಚುಗೆ ನನಗೆ ತೀರಾ ಕಡಿಮೆಯಾಯಿತು ಅನ್ನಿಸುತ್ತಿದೆ.

ಕಾಂತೋರ್ ಪೋಲೆಂಡಿನ ಚಿತ್ರಕಾರ. 1955ರಲ್ಲಿ ಇತರ ಕಲಾವಿದರೊಡನೆ ಕ್ರಾಕೋವ್ ನಗರದಲ್ಲಿ 'ಕ್ರಿಕೋ 2' ತಂಡ ಕಟ್ಟಿದ. ಅವನ ಹೆಸರಾಂತ 'ಸತ್ತ ತರಗತಿ' 1975ರಲ್ಲಿ ಮೊದಲು ಪ್ರದರ್ಶನಗೊಂಡದ್ದು ರಂಗಮಂದಿರದಲ್ಲಲ್ಲ, ಒಂದು ಕಲಾ ಗ್ಯಾಲರಿಯ ನೆಲಮಾಳಿಗೆಯಲ್ಲಿ. ಹಳೆಯ ಮರದ ಬೆಂಚುಗಳು. ಕಪ್ಪು ಬಟ್ಟೆಯ ಮುದುಕ ಮುದುಕಿಯರು ತಮ್ಮದೇ ಬಾಲ್ಯದ ಗೊಂಬೆಗಳನ್ನು ಹೊತ್ತು ತರಗತಿಗೆ ಮರಳುತ್ತಾರೆ. ಕಣ್ಣಿಗೆ ತಂಪೆನಿಸುವ ಒಂದು ಬಣ್ಣವೂ ಅಲ್ಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೆಂಚುಗಳ ಪಕ್ಕ ನಿಂತ ಕಾಂತೋರನೇ. ಅವನು ಪಾತ್ರವಲ್ಲ, ಪ್ರೇಕ್ಷಕನೂ ಅಲ್ಲ. ಪ್ರದರ್ಶನದುದ್ದಕ್ಕೂ ಅಲ್ಲೇ ಇದ್ದು, ಕೈಸನ್ನೆಯಲ್ಲೇ ನಟರ ವೇಗ ತಿದ್ದುತ್ತಾನೆ. ತೆರೆ ಎದ್ದ ಮೇಲೆ ನಿರ್ದೇಶಕ ಮರೆಯಾಗಬೇಕು ಎನ್ನುವುದು ರಂಗಭೂಮಿಯ ರೂಢಿ. ಇವನು ಕುಂಚ ಕೆಳಗಿಡಲೊಲ್ಲ. ಚಿತ್ರಕಲೆಯಿಂದ ಅವನು ತಂದದ್ದು ಚೆಲುವನ್ನಲ್ಲ, ಕೊನೆಯವರೆಗೂ ತಿದ್ದುವ ಹಕ್ಕನ್ನು.

ಈ ಹಕ್ಕು ನನಗೆ ಇರಿಸುಮುರಿಸು. ಕಾಲೇಜು ದಿನಗಳಿಂದ ಬಣ್ಣ ಹಚ್ಚಿದವಳು ನಾನು. ನಟರೇ ಬಣ್ಣವಾಗಿಬಿಡುವುದನ್ನು ಒಪ್ಪಲು ಮೈ ಕೇಳುವುದಿಲ್ಲ. ಅವನ ಬೆರಳು ಅಲುಗಿದಾಗಲೆಲ್ಲ ವಿಡಿಯೋ ನಿಲ್ಲಿಸಿ ನಟರ ಮುಖ ನೋಡುತ್ತೇನೆ. ನೊಂದಿದ್ದಾರೆಯೇ? ಹಾಗೇನೂ ಕಾಣದು. ಮುಖದ ತುಂಬ ಬಿಳಿ ಬಳಿದುಕೊಂಡವರಲ್ಲಿ ಅಷ್ಟೆಲ್ಲ ಹುಡುಕುವುದು ನನ್ನ ಹಟವೂ ಇರಬಹುದು.

ಅವನ ಕೊನೆಯ ನಾಟಕ 'ಇಂದು ನನ್ನ ಹುಟ್ಟುಹಬ್ಬ'ದಲ್ಲಿ ರಂಗದ ಮೇಲೆ ನಿಜವಾಗಿಯೂ ದೊಡ್ಡ ದೊಡ್ಡ ಚಿತ್ರಚೌಕಟ್ಟುಗಳಿವೆ. ಒಂದರಲ್ಲಿ ಕಾಂತೋರನ ಸ್ವಚಿತ್ರವಾಗಿ ಒಬ್ಬ ನಟ, ಇನ್ನೊಂದರಲ್ಲಿ ವೆಲಾಸ್ಕೆಸ್‌ನ ಚಿತ್ರದಿಂದ ಬಂದ ಸ್ಪೇನಿನ ರಾಜಕುಮಾರಿ. ಅವರು ಚೌಕಟ್ಟು ದಾಟಿ ಕೆಳಗಿಳಿಯುತ್ತಾರೆ. ಎಂದಿನಂತೆ ಕಾಂತೋರನೂ ರಂಗದ ಮೇಲೇ ಕೂರಬೇಕಿತ್ತು. ತಾಲೀಮು ಇನ್ನೂ ನಡೆದಿರುವಾಗ, 1990ರ ಡಿಸೆಂಬರಿನಲ್ಲಿ ತೀರಿಕೊಂಡ.

ಮರುತಿಂಗಳೇ ಫ್ರಾನ್ಸಿನ ತುಲೂಸ್ ನಗರದಲ್ಲಿ ನಟರು ನಾಟಕವಾಡಿದರು. ಅವನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಲಿಲ್ಲ. ಖಾಲಿ ಕುರ್ಚಿಯನ್ನು ಹಾಗೇ ಬಿಟ್ಟರು. ಆ ರಾತ್ರಿ ಅವರ ವೇಗ ತಿದ್ದಲು ಯಾವ ಕೈಯೂ ಇರಲಿಲ್ಲ.