ಎಲ್ಲಕ್ಕೂ ಕಂಪ್ಯೂಟರೇ ಕಾರಣ

ಕಾರಿನ ಎಂಜಿನ್ ಮಿಸ್ ಹೊಡೆಯತೊಡಗಿದರೆ ಮೈಸೂರಿನಲ್ಲಿ ಸಲಹೆಗೆ ಬರವಿಲ್ಲ. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವ ನಿವೃತ್ತರ ಗುಂಪಿನಲ್ಲಿ ಬಾಯಿ ತಪ್ಪಿ ಒಂದು ಮಾತು ಆಡಿ ನೋಡಿ. ಒಂದು ಸುತ್ತು ಮುಗಿಯುವುದರೊಳಗೆ ಪೆಟ್ರೋಲಿನಲ್ಲಿ ನೀರಿದೆ ಅನ್ನುವವರೊಬ್ಬರು, ಎಥನಾಲ್ ಬೆರೆಸಿದ್ದರ ಫಲ ಅನ್ನುವವರೊಬ್ಬರು, ಮಾರಿ ಕೈ ತೊಳೆದುಕೊಳ್ಳಿ ಅನ್ನುವವರೊಬ್ಬರು. ಕೊನೆಗೆ ಗುಂಪಿನ ಹಿರಿಯರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಾರೆ: "ಇಸಿಎಂ ಹೋಗಿದೆ ಬಿಡಿ."

ಇಸಿಎಂ ಅಂದರೆ ಕಾರಿನ ಕಂಪ್ಯೂಟರು. ತೀರ್ಪು ಕೊಟ್ಟವರೂ ಅದನ್ನು ಕಣ್ಣಾರೆ ಕಂಡಿರುವುದಿಲ್ಲ, ಕೇಳಿದವರೂ ಕಂಡಿರುವುದಿಲ್ಲ. ಜಾತಕದಲ್ಲಿ ಶನಿ ಇದ್ದ ಹಾಗೆ ಕಾರಿನಲ್ಲಿ ಇಸಿಎಂ: ಕಾರಣ ಹೊಳೆಯದ ಕಷ್ಟವೆಲ್ಲ ಅದರ ಲೆಕ್ಕಕ್ಕೆ. ಶಾಂತಿ ಮಾಡಿಸುವ ಖರ್ಚು ಮಾತ್ರ ನಮ್ಮ ಲೆಕ್ಕಕ್ಕೆ.

ಹಾಗೆ ನೋಡಿದರೆ ಮಿಸ್ಸಿಂಗ್ ಈ ಊರಿಗೆ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯಜ್ದಿ ಬೈಕುಗಳನ್ನು ಹೊರಗೆ ಬಿಟ್ಟ ಊರಿದು. ಟು-ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕೈ ಸ್ವಲ್ಪ ಧಾರಾಳವಾದರೆ ಪ್ಲಗ್ಗು ಮಸಿ ಹಿಡಿಯಿತು ಅಂತಲೇ. ಅದಕ್ಕೇ ಯಜ್ದಿ ಸವಾರನ ಟೂಲ್ ಬಾಕ್ಸಿನಲ್ಲಿ ಪ್ಲಗ್ ಸ್ಪ್ಯಾನರು, ಎಮರಿ ಕಾಗದದ ತುಂಡು. ಪ್ಲಗ್ಗು ಬಿಚ್ಚಿ, ಹೆಡ್ಡಿಗೆ ತಾಗಿಸಿ, ಕಿಕ್ ಹೊಡೆದರೆ ಕಿಡಿ ಕಾಣುತ್ತಿತ್ತು. ಕಿಡಿ ಬಂದರೆ ಪೆಟ್ರೋಲ್ ಕಡೆ ನೋಡು, ಬರದಿದ್ದರೆ ಪಾಯಿಂಟ್ ಕಡೆ ನೋಡು. ದಾರಿಹೋಕರೂ ಬಗ್ಗಿ ನೋಡಿ ಅಭಿಪ್ರಾಯ ಕೊಡಬಹುದಾಗಿದ್ದ ಪ್ರಜಾಪ್ರಭುತ್ವ ಅದು.

ಕಂಪ್ಯೂಟರು ಬಂದು ಇದನ್ನು ಮುಚ್ಚಿದ ಬಾಗಿಲಿನ ವ್ಯವಹಾರ ಮಾಡಿತು. ಜರ್ಮನಿಯ ಬಾಷ್ ಕಂಪನಿ 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂರಿಸಿತ್ತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಕಾರಿನ ಹಿಂಭಾಗದಲ್ಲಿ 'ಎಂಪಿಎಫ್ಐ' ಎಂಬ ಅಕ್ಷರಗಳು ಮೆರೆದವು. ಅರ್ಥ ಗೊತ್ತಿಲ್ಲದವರೂ ಹೆಮ್ಮೆಯಿಂದ ಒರೆಸಿ ಇಟ್ಟುಕೊಂಡರು.

ಪಾಪ, ಈ ಕಂಪ್ಯೂಟರಿನ ಕೆಲಸವಾದರೂ ಎಂಥದ್ದು! ನಾಲ್ಕು ಸಿಲಿಂಡರಿನ ಎಂಜಿನ್ ಸುಮ್ಮನೆ ನಿಂತು ಗುರುಗುಟ್ಟುವಾಗ ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಳ್ಳಿ; ಅಷ್ಟರಲ್ಲಿ 1600 ಸಲ ಉರಿ ಹತ್ತಬೇಕು. ಒಂದು ತಪ್ಪಿದರೂ ಕ್ರ್ಯಾಂಕ್ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಹಲ್ಲುಚಕ್ರದ ಪಕ್ಕದ ಸೆನ್ಸಾರಿನಿಂದ ಆ ವ್ಯತ್ಯಾಸ ಹಿಡಿದು, ಎರಡನೇ ಸಿಲಿಂಡರು ಕೈಕೊಟ್ಟಿದ್ದರೆ ಪಿ0302 ಎಂದು ಬರೆದಿಡುತ್ತದೆ. ಯಾವುದೆಂದು ಹೇಳಲಾಗದಿದ್ದರೆ ಪಿ0300. ಚೆಕ್ ಲೈಟು ಮಿಣುಕತೊಡಗಿದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಹಂತ ಬಂದಿದೆ ಎಂದು ತಿಳಿಯಬೇಕು. ಇನ್ನೊಂದು ತಮಾಷೆ: ಹಳ್ಳಕೊಳ್ಳದ ರಸ್ತೆಯಲ್ಲಿ ಚಕ್ರ ಕುಲುಕಿದರೂ ಕ್ರ್ಯಾಂಕ್ ತಡವರಿಸುತ್ತದೆ. ಅದನ್ನು ಎಂಜಿನ್ನಿನ ತಪ್ಪೆಂದು ಬರೆಯಬಾರದಲ್ಲ! ಹಾಗಾಗಿ ರಸ್ತೆ ಕೆಟ್ಟದ್ದೆಂದು ಗೊತ್ತಾದಾಗ ಎಷ್ಟೋ ಕಾರುಗಳ ಕಂಪ್ಯೂಟರು ಎಣಿಕೆಯನ್ನೇ ನಿಲ್ಲಿಸುತ್ತದೆ. ನಗರಪಾಲಿಕೆಗೆ ಗೊತ್ತಾಗದ ಗುಂಡಿ ಅದಕ್ಕೆ ಗೊತ್ತಾಗುತ್ತದೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಕಾರು ರಿಂಗ್ ರಸ್ತೆಯಲ್ಲಿ ಸಾಧು, ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಜಗ್ಗುತ್ತಿತ್ತು. ಅದೂ ಶಾಸ್ತ್ರಕ್ಕೆ ಸರಿಯೇ. ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಅದನ್ನು ಸೀಳಿ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ಅದನ್ನು ಒದಗಿಸುವ ಕಾಯಿಲು ಸೋತಿದ್ದರೆ ಅಲ್ಲೇ ಕೈಚೆಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ ಸಮತಟ್ಟಿನಲ್ಲೂ ಜಗ್ಗಿತು. ಯಥಾಪ್ರಕಾರ ಇಸಿಎಂ ಹೋಗಿದೆ ಎಂಬ ತೀರ್ಪು ಬಂತು; ಗುಜರಿಯಲ್ಲಿ ಹಳೆಯದು ಸಿಗುತ್ತದೆ ಎಂದು ಯಾರೋ ಆಸೆ ಹುಟ್ಟಿಸಿದರು. ಬನ್ನಿಮಂಟಪದ ಕಡೆಯ ಮೆಕ್ಯಾನಿಕ್ ತಡೆದ. "ಬೇರೆ ಗಾಡೀದು ಹಾಕಿದ್ರೆ ನಿಮ್ಮ ಕೀನೇ ಒಪ್ಪಲ್ಲ ಸಾರ್, ಸ್ಟಾರ್ಟೇ ಆಗಲ್ಲ. ಮೊದಲು ಇರೋದನ್ನ ನೋಡೋಣ."

ಸ್ಕ್ಯಾನರ್ ಹಾಕಿದರೆ ಪಿ0302. ಎರಡನೇ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿದ. ಕಾಯಿಲು ಕೆಟ್ಟಿದ್ದರೆ ಕೋಡು ಪಿ0303ಕ್ಕೆ ಹಾರಬೇಕಿತ್ತು, ಹಾರಲಿಲ್ಲ. ಪ್ಲಗ್ಗು ಅದಲು ಬದಲು, ಹಾರಲಿಲ್ಲ. ಕಂಪ್ರೆಷನ್ ಸರಿಯಿತ್ತು. ಇಂಜೆಕ್ಟರಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿದರೆ ಮೂರು ಮಿನುಗಿದವು, ಎರಡನೆಯದು ಮಿನುಗಲಿಲ್ಲ. ಕಂಪ್ಯೂಟರೇ ಆಜ್ಞೆ ಕಳಿಸುತ್ತಿಲ್ಲ! ಮೇಷ್ಟ್ರು ಬಸವಳಿದರು. ಇಸಿಎಂ ಕೆಡುವುದೇ ಇಲ್ಲವೆಂದಲ್ಲ. ನೀರು ಹೊಕ್ಕರೆ, ಬ್ಯಾಟರಿ ಉಲ್ಟಾ ಕೊಟ್ಟರೆ, ಬ್ಯಾಟರಿ ತೆಗೆಯದೆ ವೆಲ್ಡಿಂಗ್ ಮಾಡಿಸಿದರೆ ಕೆಡಬಹುದು. ಆದರೆ ಆತ ಇಸಿಎಂನ ಸಪ್ಲೈ, ಅರ್ತ್ ಎರಡನ್ನೂ ಅಳೆದ, ಸರಿಯಿದ್ದವು. ಆಮೇಲೆ ಮೀಟರಿನ ಒಂದು ಮೊನೆಯನ್ನು ಇಸಿಎಂ ತುದಿಗೆ, ಇನ್ನೊಂದನ್ನು ಇಂಜೆಕ್ಟರ್ ತುದಿಗೆ ಹಿಡಿದ. ನಡುವಿನ ವೈರೇ ಸತ್ತಿತ್ತು. ಟೇಪು ಬಿಚ್ಚಿ ನೋಡಿದರೆ ಇಲಿ ಕಡಿದ ಗುರುತು. ಗಣಪತಿಯ ವಾಹನ ನಮ್ಮ ವಾಹನವನ್ನು ಮೆಟ್ಟಿತ್ತು.

ಗೇಣುದ್ದ ವೈರು, ಒಂದು ಚಿಟಿಕೆ ಸೋಲ್ಡರು. ಎಂಜಿನ್ ನುಣ್ಣಗೆ ಓಡಿತು. ಬಿಲ್ಲು ಬಂದಾಗ ಮೇಷ್ಟ್ರು ಕನ್ನಡಕ ಏರಿಸಿದರು. "ಒಂದು ವೈರಿಗೆ ಇಷ್ಟೊಂದಾ?" ಹೊಸ ಇಸಿಎಂಗೆ ಹತ್ತಾರು ಸಾವಿರ ಕೊಡಲು ಎಫ್.ಡಿ. ಮುರಿಸುವ ಮಾತಾಡಿದ್ದವರು ಇವರೇ. ಮೆಕ್ಯಾನಿಕ್ ಅರ್ಧ ದಿನ ತಲೆ ಓಡಿಸಿದ್ದಕ್ಕೆ ಚೌಕಾಸಿ ಮಾಡಿ ಇನ್ನೂರು ಇಳಿಸಿ, ಗೆದ್ದ ಮುಖದಲ್ಲಿ ಮನೆಗೆ ಬಂದರು.

ಸಾಮಾನಿಗೆ ಎಷ್ಟಾದರೂ ಕೊಟ್ಟೇವು, ಪತ್ತೆ ಹಚ್ಚಿದ್ದಕ್ಕೆ ಮಾತ್ರ ಜೇಬಿಗೆ ಕೈ ಹೋಗದು. ಈ ಅಭ್ಯಾಸ ಬಿಡುವ ತನಕ ಮೈಸೂರಿನ ಇಸಿಎಂಗಳು ಹೀಗೇ ಕೆಡುತ್ತಲೇ ಇರುತ್ತವೆ.