ಸೋದೆಯಿಂದ ತಂದ ಸವಿ

ಶಿರಸಿಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕಾಡಿನ ಹಸುರಿನ ನಡುವೆ ಇರುವ ಕ್ಷೇತ್ರ ಸೋದೆ. ಶ್ರೀ ವಾದಿರಾಜರು 1600ರಲ್ಲಿ ಇಲ್ಲಿ ಬೃಂದಾವನಸ್ಥರಾದರೆಂಬುದು ಸಂಪ್ರದಾಯ. ಅವರು ತಲೆಯ ಮೇಲಿರಿಸಿಕೊಂಡ ಹರಿವಾಣದಿಂದ ಕಡಲೆಯ ಭಕ್ಷ್ಯವನ್ನು ಹಯಗ್ರೀವಸ್ವಾಮಿಯು ಕುದುರೆಯ ರೂಪದಲ್ಲಿ ಬಂದು ಸ್ವೀಕರಿಸುತ್ತಿದ್ದನಂತೆ. ಭಕ್ಷ್ಯಕ್ಕೂ ಹಯಗ್ರೀವವೆಂದೇ ಹೆಸರಾಯಿತು.

ನಾವು ಸೋದೆಯಿಂದ ಬೆಂಗಳೂರಿಗೆ ಮರಳಿದ ವಾರವೇ ಮಿತ್ರರ ಮನೆಯಲ್ಲಿ ಸಂತೋಷಕೂಟ. ಬರುವವರೆಲ್ಲ ಒಂದೊಂದು ಸಿಹಿ ತರಬೇಕೆಂಬ ಕಟ್ಟಳೆ. ಮೈಸೂರುಪಾಕಿಗೆ ಕೈಹದ ಬೇಕು, ಹೋಳಿಗೆಗೆ ಹೊತ್ತು ಬೇಕು. ಹಯಗ್ರೀವಕ್ಕಾದರೋ ಎಳೆಪಾಕದ ಗೋಜಿಲ್ಲ. ಕಡಲೆಬೇಳೆಯನ್ನು ಬೆರಳಲ್ಲಿ ಹಿಸುಕುವಷ್ಟು ಬೇಯಿಸಿ, ನೀರು ಬಸಿದು, ಅಷ್ಟೇ ಅಳತೆಯ ಬೆಲ್ಲ, ಕಾಯಿತುರಿ, ತುಪ್ಪ, ಲವಂಗ ಸೇರಿಸಿ ಮಗುಚಿದರಾಯಿತು. ಬೇಳೆ ಬೇಯುವ ಮೊದಲೇ ಬೆಲ್ಲ ಬಿದ್ದರೆ ಮಾತ್ರ ಅದು ಗಟ್ಟಿಯಾಗಿಯೇ ಉಳಿಯುವುದು.

ಅಂಗಡಿಯ ಬೆಳ್ಳಿರೇಕಿನ ಮಿಠಾಯಿಗಳ ನಡುವೆ ನಮ್ಮ ಹಿತ್ತಾಳೆಯ ಪಾತ್ರೆಯನ್ನಿಡಲು ಸಂಕೋಚವಾಯಿತು. ಆದರೆ ಮಗನ ಮನೆಗೆ ಬಂದು ನೆಲಸಿದ್ದ ಉಡುಪಿಯ ವೃದ್ಧೆಯೊಬ್ಬರು ಒಂದು ತುತ್ತು ಸವಿದು ಕಣ್ಣು ಮುಚ್ಚಿದರು.

"ಮಠದ ಪಂಕ್ತಿಯಲ್ಲಿ ಕುಳಿತ ಹಾಗಾಯಿತು, ಮಗೂ" ಎಂದರು.

ಪಾತ್ರೆ ಬರಿದಾಗಿ ಮನೆಗೆ ಬಂದಿತು. ನಮ್ಮ ಸಂಕೋಚ ಅಲ್ಲಿಯೇ ಉಳಿಯಿತು.