ಕಚ್ಚಿದ ಮಗು, ಎಚ್ಚರ ತಪ್ಪಿದ ನಾವು

ಕಳೆದ ವರ್ಷ ಆಷಾಢದ ಒಂದು ಸಂಜೆ ಚನ್ನಪಟ್ಟಣದ ನಮ್ಮ ಮನೆಗೆ ಶಿಶುವಿಹಾರದಿಂದ ದೂರು ಬಂದಿತು. ಎರಡೂವರೆ ವರ್ಷದ ನನ್ನ ಮೊಮ್ಮಗ ಜೊತೆಯ ಮಗುವಿನ ತೋಳನ್ನು ಹಲ್ಲಿನ ಗುರುತು ಮೂಡುವಂತೆ ಕಚ್ಚಿದ್ದನು. ಆ ವಾರದಲ್ಲಿ ಅದು ಮೂರನೆಯ ಸಲ. ಇರುವೆಯ ಸಾಲು ಕಂಡರೆ ಹೆಜ್ಜೆ ಸರಿಸಿ ನಡೆಯುವ ಮನೆತನದಲ್ಲಿ ಹೀಗೇಕಾಯಿತೆಂದು ನನಗೆ ನಾಚಿಕೆಯಾಯಿತು. ನಾಚಿಕೆ ಕೋಪವಾಯಿತು, ಕೋಪವು ಸೊಸೆಯ ಮೇಲೆ ತಿರುಗಿತು. ಅವಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುವವಳು. “ತಾಯಿಯ ಮಡಿಲು ಸಿಗದ ಕೂಸು ಇನ್ನೇನು ಮಾಡೀತು?” ಎಂದುಬಿಟ್ಟೆ. ಅವಳು ಎದುರಾಡಲಿಲ್ಲ. “ಕೆಲಸ ಬಿಡುತ್ತೇನೆ, ಮಾವ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮನೆಸಾಲದ ಕಂತು ಸಲ್ಲುತ್ತಿದ್ದುದು ಅವಳ ಸಂಬಳದಿಂದಲೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಶಿಶುವಿಹಾರದವರ ಒಪ್ಪಿಗೆ ಪಡೆದು ಮೂರು ದಿನ ಅಲ್ಲಿ ಒಂದು ಮೂಲೆಯಲ್ಲಿ ಕುಳಿತೆ.

ಅಲ್ಲಿ ೨೨ ಮಕ್ಕಳಿಗೆ ಒಬ್ಬಳೇ ಆಯಾ. ಆಕೆ ಗದರುವವಳಲ್ಲ, ಸೋಮಾರಿಯೂ ಅಲ್ಲ. ಆದರೆ ಒಂದು ಮಗುವಿನ ಬಟ್ಟೆ ಬದಲಿಸುವಾಗ ಉಳಿದ ೨೧ ಮಕ್ಕಳ ಮೇಲೆ ಯಾರ ಕಣ್ಣೂ ಇರುತ್ತಿರಲಿಲ್ಲ. ಹನ್ನೊಂದು ಗಂಟೆಯವರೆಗೆ ಎಲ್ಲವೂ ನೆಮ್ಮದಿ. ಅನಂತರ ಹಸಿವು, ತೂಕಡಿಕೆ. ಬೊಂಬೆಗಳಿಗೆ ಹೆಸರಾದ ಈ ಊರಿನಲ್ಲಿ ಆ ಕೋಣೆಗೆ ಇದ್ದುದು ಅರಗಿನ ಬಣ್ಣದ ಒಂದೇ ಒಂದು ಮರದ ಗಾಡಿ. ಅದಕ್ಕೆ ಕೈಚಾಚುವವರು ನಾಲ್ವರು. “ನನಗೂ ಕೊಡು” ಎನ್ನುವಷ್ಟು ಮಾತು ಮೊಮ್ಮಗನಿಗೆ ಇನ್ನೂ ಬಂದಿರಲಿಲ್ಲ. ಅವನು ಕಚ್ಚಿದನು.

ಈ ವಿಷಯವಾಗಿ ತಿಳಿದವರು ಬರೆದುದನ್ನು ಅನಂತರ ಓದಿದೆ. ಅಮೆರಿಕದಲ್ಲಿ ೧೯೯೧ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರ ವರದಿ ೨೦೦೩ರಲ್ಲಿ ಪ್ರಕಟವಾಯಿತು. ಇತರರ ಆರೈಕೆಯಲ್ಲಿ ಹೆಚ್ಚು ಹೊತ್ತು ಬೆಳೆದ ಮಕ್ಕಳಲ್ಲಿ ಜಗಳಗಂಟಿತನ ತುಸು ಹೆಚ್ಚು ಕಂಡಿತೆಂದು ಅದು ಹೇಳಿತು. ಆದರೆ ಬಹುಪಾಲು ಮಕ್ಕಳ ನಡತೆ ಸಹಜದ ಮಿತಿಯಲ್ಲೇ ಇತ್ತು. ೨೦೧೫ರ ನಾರ್ವೆಯ ಅಧ್ಯಯನದಲ್ಲಿ ಈ ಸಂಬಂಧವು ಬಹಳ ಕ್ಷೀಣವಾಗಿತ್ತು, ವಯಸ್ಸು ಏರಿದಂತೆ ಮಾಸುತ್ತಿತ್ತು. ಮಕ್ಕಳು ಹೊಡೆಯುವುದನ್ನು ಕಲಿಯುವುದಿಲ್ಲ, ಹೊಡೆಯದಿರುವುದನ್ನು ಕಲಿಯುತ್ತಾರೆ ಎಂಬುದು ಕೆನಡಾದ ರಿಚರ್ಡ್ ಟ್ರೆಂಬ್ಲೆಯವರ ಸಂಶೋಧನೆಯ ಸಾರ.

ಹಾಗಾದರೆ ಕಲಿಸಬೇಕಾದವರು ಯಾರು? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮೊದಲಿಗೆ ಇಡುತ್ತದೆ. ವ್ರತವೆಂದರೇನೆಂದೇ ಅರಿಯದ ಕೂಸಿನಲ್ಲಿ ನಾನು ಹಿಂಸೆಯನ್ನು ಹುಡುಕುತ್ತಿದ್ದೆ. ಪ್ರಮಾದವಾದರೋ ೨೨ ಮಕ್ಕಳಿಗೆ ಒಂದೇ ಜೊತೆ ಕೈ ಸಾಕೆಂದ ನಮ್ಮೆಲ್ಲರದು. ವಿಚಾರಿಸದೆ ಆಡಿದ ನನ್ನ ಮಾತಿನಲ್ಲಂತೂ ಅದು ಪೂರ್ಣವಾಗಿಯೇ ಇತ್ತು.

ಪೋಷಕರು ಸೇರಿ ಮಾತನಾಡಿದೆವು. ಇನ್ನೊಬ್ಬ ಆಯಾಳ ಸಂಬಳವನ್ನು ಹಂಚಿಕೊಂಡೆವು. ಊಟವನ್ನು ಅರ್ಧ ಗಂಟೆ ಮುಂಚೆ ಇಟ್ಟರು, ಆಟಿಕೆಗಳು ಬಂದವು, ಕೈ ಚಾಚಿ “ಕೊಡು” ಎನ್ನುವುದನ್ನು ಮಗುವಿಗೆ ದಿನವೂ ಹೇಳಿಕೊಟ್ಟೆವು. ಕಚ್ಚುವುದು ಒಮ್ಮೆಗೇ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಅಪರೂಪವಾಯಿತು.

ರಾಮನಗರದ ನೂಲು ಬಿಚ್ಚಾಣಿಕೆಯ ಒಲೆಗಳ ಮುಂದೆ, ಕನಕಪುರ ಮಾಗಡಿಗಳ ಹೊಲಗಳಲ್ಲಿ ದುಡಿಯುವ ತಾಯಂದಿರೂ ಇದ್ದಾರೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆ ಮಕ್ಕಳಿಗೆ ಕೋಣೆ ಇರಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ ೨೦೨೩ರಲ್ಲಿ ರಾಜ್ಯ ಸರ್ಕಾರವು ‘ಕೂಸಿನ ಮನೆ’ಗಳನ್ನು ಘೋಷಿಸಿತು. ಕೋಣೆಯೊಂದೇ ಸಾಲದು, ಎತ್ತಿಕೊಳ್ಳುವ ಕೈಗಳೂ ಬೇಕು. ನಮ್ಮ ಬಸದಿಗಳ ಸಭಾಭವನಗಳು ವಾರದ ದಿನಗಳಲ್ಲಿ ಬಾಗಿಲು ಮುಚ್ಚಿಕೊಂಡಿರುತ್ತವೆ. ಟ್ರಸ್ಟಿನ ಹಿರಿಯರು ಅಲ್ಲಿ ಹತ್ತು ಮಕ್ಕಳಿಗೆ ಇಬ್ಬರು ಆಯಾಗಳಂತೆ ನೇಮಿಸಿ, ಜಾತಿ ಮತ ಕೇಳದೆ ಒಂದು ಶಿಶುವಿಹಾರವನ್ನು ನಡೆಸಿದರೆ ಅದು ಅಭಯದಾನವೇ ಸರಿ.

ಸೊಸೆ ಕೆಲಸ ಬಿಡಲಿಲ್ಲ. ಭಾದ್ರಪದದ ಕ್ಷಮಾವಣಿಯವರೆಗೆ ಕಾಯುವುದು ಸರಿಯೆನಿಸದೆ ಆ ಮೂರನೆಯ ದಿನದ ಸಂಜೆಯೇ ನಾನು ರೈಲು ನಿಲ್ದಾಣಕ್ಕೆ ಹೋಗಿ ಅವಳ ಕ್ಷಮೆ ಕೇಳಿದೆ. “ಮಗು ಊಟ ಮಾಡಿತೇ, ಮಾವ?” ಎಂದು ಅವಳು ಕೇಳಿದಳು.